ಕೊಂಬು

ಕಾಪು ನಾಡಕಚೇರಿ, ಮೂರನೆಯ ಕೌಂಟರ್.
ಗಾಜು ಪಾರದರ್ಶಕ, ನಾನೇ ದಿನಾ ಒರೆಸುತ್ತೇನೆ.
ಗಾಜಿಗೊಂದು ಅರ್ಧಚಂದ್ರದ ಕಂಡಿ,
ಮಾತಾಡಬೇಕಾದರೆ ಸೊಂಟ ಬಗ್ಗಿಸಲೇಬೇಕು.
ಹೆದ್ದಾರಿಯಲ್ಲಿ ಉಡುಪಿ-ಉಡುಪಿ-ಉಡುಪಿ ಎಂದು ಕಂಡಕ್ಟರು ಕೂಗುವಾಗ
ಆಚೆಯವರ ಮಾತು ಈಚೆಗೆ ಅರ್ಧವೇ ಬರುತ್ತದೆ.
ಉಳಿದರ್ಧ ನಾವು ಊಹಿಸಿ ಟೈಪು ಮಾಡುತ್ತೇವೆ.

ಕೊರಪೊಳು ಬಂದದ್ದು ನಾಲ್ಕನೆಯ ಸಲ,
ಪಾಂಗಾಳದಿಂದ, ಬ್ರಾಂಚಿಗೆ ಬೀಡಿ ಕೊಟ್ಟು,
ಎಲೆಯ ವಾಸನೆ ಇನ್ನೂ ಬೆರಳಲ್ಲಿಟ್ಟುಕೊಂಡು.
ವೃದ್ಧಾಪ್ಯ ವೇತನ ನಿಂತು ಹದಿನಾಲ್ಕು ತಿಂಗಳು.
ಮೊದಲ ಸಲ ಸರ್ವರ್ ಇಲ್ಲ ಎಂದಿದ್ದೆ.
"ಉಡುಪಿ ಸೀಮೆಯಲ್ಲಿ ಬಡಿಸುವವರಿಗೆ ಬರವಾ?
ಹಂತಿಯಲ್ಲಿ ಕೂತವರು ಎಷ್ಟು ಹೊತ್ತು
ಬರೀ ಎಲೆ ನೋಡುವುದು ಮಾರಾಯ?" ಎಂದಿದ್ದಳು.
ನಕ್ಕು, ಮುಂದಿನವರನ್ನು ಕರೆದಿದ್ದೆ.

ಅವಳ ಅರ್ಜಿ ಮೂರು ಸಲವೂ ವಿಲೇವಾರಿಯಾಗಿದೆ.
ತಿರಸ್ಕರಿಸಿದರೂ ವಿಲೇವಾರಿಯೇ;
ಪರದೆಯ ಮೇಲೊಂದು ಹಸಿರು ಬೊಟ್ಟು ಬೀಳುತ್ತದೆ.
ಹಸಿರು ಬೊಟ್ಟಿನ ಲೆಕ್ಕದಲ್ಲಿ ನಾವು ಜಿಲ್ಲೆಗೇ ಎರಡನೆಯವರು,
ಗೋಡೆಯಲ್ಲಿ ಅಭಿನಂದನಾ ಪತ್ರ ತೂಗುತ್ತಿದೆ.
ಕಿಟಕಿಯಡಿ ಪುರಸಭೆಯ ಗಾಡಿ ಬಂದು
ಹಸಿ ಕಸ, ಒಣ ಕಸ ಎಂದು ಕರೆಯುತ್ತದೆ.
ಅದರ ಬೆನ್ನ ಮೇಲೂ ಅದೇ ಶಬ್ದ ಬರೆದಿದೆ,
ವಿಲೇವಾರಿ.

ಈ ಸಲ ಅವಳು ಬಗ್ಗಲಿಲ್ಲ.
ಪ್ರವೇಶವಿಲ್ಲ ಎಂಬ ಬೋರ್ಡಿನ ಪಕ್ಕದಿಂದ ಒಳಗೇ ಬಂದಳು.
"ನೋಡಿ ನೋಡಿ ಇಲ್ಲ ಇಲ್ಲ ಅನ್ನುತ್ತೀಯಲ್ಲ ಮಗಾ,
ಎಂತ ನೋಡುವುದು ಅದರಲ್ಲಿ? ಒಮ್ಮೆ ಈಚೆ ತಿರುಗಿಸು."
ಅರ್ಜಿದಾರರಿಗೂ ಕಾಣುವಂತೆ ಎರಡನೆಯ ಪರದೆ ಇಡಬೇಕೆಂದು
ಸುತ್ತೋಲೆ ಬಂದು ಎರಡು ಮಳೆಗಾಲ ಕಳೆದಿದೆ.
ಪರದೆಯೂ ಬಂದಿದೆ. ಮೆಟ್ಟಿಲಡಿ,
ರಟ್ಟಿನ ಪೆಟ್ಟಿಗೆ ಬಿಚ್ಚದೆ; ಮೇಲೆ ನಮ್ಮ ಒದ್ದೆ ಕೊಡೆಗಳು.
ತಿರುಗಿಸಿದೆ.
ಯಾಕೆಂದು ಕೇಳಬೇಡಿ. ಅವಳ ಕೈ ಆಗಲೇ ಅದರ ಅಂಚಿನಲ್ಲಿತ್ತು.

ಪರದೆ ಎಂದರೆ ಮರೆಮಾಡುವುದು,
ಪರದೆ ಎಂದರೆ ತೋರಿಸುವುದು;
ಇಷ್ಟು ವರ್ಷ ನನಗೆ ಮೊದಲನೆಯದೇ ಸಂಬಳ ಕೊಟ್ಟಿತ್ತು.

ಓದು ಬಾರದು ಅವಳಿಗೆ.
ಆದರೆ ಬೀಡಿಯ ಪಾಸ್‌ಬುಕ್ಕಿನಲ್ಲಿ ತನ್ನ ಹೆಸರಿನ ಆಕಾರ ಗೊತ್ತು,
ನಲವತ್ತು ವರ್ಷ ಅದರ ಪಕ್ಕದಲ್ಲೇ ಹೆಬ್ಬೆಟ್ಟು ಒತ್ತಿದವಳು.
ಪಾಸ್‌ಬುಕ್ಕನ್ನು ಪರದೆಗೆ ಆನಿಸಿದಳು.
ಕಟ್ಟಿಗೆ ಇಪ್ಪತ್ತೈದು ಉಂಟೋ ಎಂದು ಮುಟ್ಟಿಯೇ ತಿಳಿಯುವ ಬೆರಳು
ಅಕ್ಷರದಿಂದ ಅಕ್ಷರಕ್ಕೆ ಹೋಗಿ ಕೊನೆಯದರಲ್ಲಿ ನಿಂತಿತು.
"ಇಲ್ಲಿ ಒಂದು ಬಾಲ ಉಂಟು. ನಿನ್ನದರಲ್ಲಿ ಇಲ್ಲ."
ಕೊರಪೊಳ.
"ಅದಕ್ಕೆ ಕೊಂಬು ಅನ್ನುತ್ತಾರೆ ಅಮ್ಮಾ."
"ಹೌದಾ? ನನ್ನದನ್ನು ಕಿತ್ತು ಇಟ್ಟುಕೊಂಡದ್ದು ಯಾರು?"
ಸಾಲಿನಲ್ಲಿದ್ದವರು ನನ್ನ ಹಣೆಯನ್ನೇ ನೋಡಿ ನಕ್ಕರು.

ತಿದ್ದುಪಡಿಯ ಚರಿತ್ರೆ ತೆರೆದೆ.
ಯಂತ್ರ ಮುಖ ನೋಡಿ ಮಣೆ ಹಾಕುವುದಿಲ್ಲ.
ಶುಕ್ರವಾರ, ಸಂಜೆ ನಾಲ್ಕು ಐವತ್ತೆರಡು,
ನಮೂದಿಸಿದವರು: ದಯಾಕರ ಸಪಲ್ಯ.
ನಾನು.
ಐದು ಗಂಟೆಯ ಶಿರ್ವದ ಬಸ್ಸು ಹಿಡಿಯುವ ಅವಸರದವನು.
ಅವಳು ಅದನ್ನೂ ಓದಿದಳು, ನನ್ನ ಮುಖದಲ್ಲಿ.

ತಿದ್ದಿದೆ. ಅಂದರೆ, ತಿದ್ದಲು ಮೇಲಕ್ಕೆ ಕಳಿಸಿದೆ.
ಹನ್ನೊಂದು ದಿನ. ಮೇಲಿನ ಮೇಜಿಗೂ ಒಂದು ಬಸ್ಸಿದೆ.
ಹದಿನಾಲ್ಕರಲ್ಲಿ ಒಂಬತ್ತು ತಿಂಗಳದ್ದು ಬಂತು;
ಐದರ ಬಗ್ಗೆ ಖಜಾನೆಗೆ ಬರೆದಿದ್ದೇನೆ,
ಬರೆದ ಪತ್ರದ ನಂಬರನ್ನು
ಅವಳ ಪಾಸ್‌ಬುಕ್ಕಿನ ಹಿಂದೆಯೂ ಬರೆದಿದ್ದೇನೆ.

ಈಗ ಎಲ್ಲರೂ ಈಚೆ ತಿರುಗಿಸಿ ಅನ್ನುತ್ತಾರೆ.
ದಿನಕ್ಕೆ ಅರುವತ್ತು ಸಲ ತಿರುಗಿ ಪರದೆಯ ಕತ್ತು ಸಡಿಲಾಗಿದೆ.
ಹಸಿರು ಬೊಟ್ಟು ಕಡಿಮೆಯಾಗಿ ನಾವೀಗ ಆರನೆಯವರು.
ಮೆಟ್ಟಿಲಡಿಯ ಪೆಟ್ಟಿಗೆ ಬಿಚ್ಚಲು ಅನುಮತಿ ಕೋರಿ
ನಾನೇ ಒಂದು ಅರ್ಜಿ ಹಾಕಿದ್ದೆ.
ಬೆಳಿಗ್ಗೆ ನೋಡಿದರೆ, ವಿಲೇವಾರಿ.
ಬಿಚ್ಚಬಹುದೋ ಬಿಚ್ಚಬಾರದೋ ಅದರಲ್ಲಿ ಬರೆದಿಲ್ಲ.

ಕೊಡೆಗಳನ್ನು ತೆಗೆದಿಟ್ಟೆ.
ಚಾಕು ಹುಡುಕುತ್ತಿದ್ದೇನೆ.